ಅರವಟ್ಟಿಗೆಯ ಬಳಿ ಏರುತ್ತಿದ್ದ ಮುಳ್ಳು

ಆ ಮುಳ್ಳು ಏರುವುದನ್ನು ಮೊದಲು ನೋಡುತ್ತಿದ್ದವನು ಅಣ್ಣ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ವೇಗ ತೋರಿಸುವ ದೊಡ್ಡ ಮೀಟರಿನ ಪಕ್ಕಕ್ಕೆ ಇನ್ನೊಂದು ಚಿಕ್ಕ ಗಾಜಿನ ಕಿಂಡಿ ಇತ್ತು. ಅದರೊಳಗೆ ಬಿಳಿ ಬಣ್ಣದ ಮುಳ್ಳು. ಇಂಜಿನ್ನು ತಣ್ಣಗಿದ್ದರೆ ಅದು ಎಡಗಡೆ ಮಲಗಿರುತ್ತಿತ್ತು, ಹದವಾಗಿದ್ದರೆ ನಡುವಿಗೆ ಬರುತ್ತಿತ್ತು, ಕುದಿಯತೊಡಗಿದರೆ ಬಲಗಡೆಯ ಕೆಂಪು ಗೀಟಿಗೆ ಏರುತ್ತಿತ್ತು. ಡ್ರೈವರುಗಳು ಅದಕ್ಕೆ ಹೀಟ್ ಮೀಟರ್ ಎನ್ನುತ್ತಾರೆ. ಹುಣಸೆ ತೋಪು ದಾಟಿ, ಹೊಂಗೆ ಮರದ ಕೆಳಗೆ ದಾರಿಹೋಕರಿಗೆ ನೀರು ಕೊಡುವ ಈರಯ್ಯನ ಅರವಟ್ಟಿಗೆ ಕಣ್ಣಿಗೆ ಬೀಳುವ ಹೊತ್ತಿಗೆ ಸರಿಯಾಗಿ ಅಣ್ಣ ಹೇಳುತ್ತಿದ್ದ: "ಕೂಸೇ, ಮುಳ್ಳು ಏರ್ತಾ ಐತೆ. ಪಕ್ಕಕ್ಕೆ ಹಾಕು."

ನೋಡಿದರೆ ಹೌದು, ಮುಳ್ಳು ನಿಧಾನವಾಗಿ ಕೆಂಪು ಗೀಟಿನತ್ತ ಹೋಗುತ್ತಿತ್ತು. ನಾನು ಹಲ್ಲು ಕಚ್ಚಿಕೊಂಡು ಕಾರನ್ನು ಮರದ ಕೆಳಗೆ ನಿಲ್ಲಿಸುತ್ತಿದ್ದೆ.

ಆಗಲೇ ನನ್ನ ಮುಂದಲೆ ನರೆತಿತ್ತು. ಆದರೂ ಅಣ್ಣನ ಬಾಯಲ್ಲಿ ನಾನು ಕೂಸೇ. ಗಂಡ ಹೋದ ಮೇಲೆ ನಾನು ಅಣ್ಣನ ಮನೆಗೆ ಬಂದಿದ್ದೆ. ಅತ್ತಿಗೆ ಅದಕ್ಕೂ ಮೊದಲೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮನೆಯಲ್ಲಿ ನಾವಿಬ್ಬರು, ಅಂಗಳದಲ್ಲಿ ಆ ಹಳೆಯ ಕಾರು. ನಮ್ಮಣ್ಣ ಡ್ರೈವರ್ ಹೊನ್ನಪ್ಪ ಎಂದರೆ ನಮ್ಮೂರಿನಲ್ಲಿ ಗೊತ್ತಿಲ್ಲದವರಿರಲಿಲ್ಲ. ವಯಸ್ಸಿನಲ್ಲಿ ಲಾರಿ ಓಡಿಸಿದವನು, ಆಮೇಲೆ ಈ ಕಾರು ಕೊಂಡು ಬಾಡಿಗೆಗೆ ಓಡಿಸಿದ. ಅರ್ಧ ಊರಿನ ಮದುಮಕ್ಕಳು ಇದರಲ್ಲೇ ಕೂತು ಹೋದವರು. ಅಂಥವನಿಗೆ ಎರಡೂ ಮೂತ್ರಪಿಂಡ ಕೈಕೊಟ್ಟವು.

ವಾರಕ್ಕೆ ಎರಡು ಸಲ ಪಕ್ಕದ ದೊಡ್ಡ ಊರಿನ ಆಸ್ಪತ್ರೆಯಲ್ಲಿ ಮಿಷನ್ನಿಗೆ ಹಾಕಿ ಅವನ ರಕ್ತ ಶುದ್ಧ ಮಾಡಿಸಬೇಕಾಗಿತ್ತು. ನಮಗೆ ಸಿಕ್ಕಿದ್ದು ಬೆಳಗಿನ ಮೊದಲ ಪಾಳಿ. ಮೊದಲ ಬಸ್ಸು ಹತ್ತಿದರೆ ಆ ಪಾಳಿ ಮುಗಿಯುವ ಹೊತ್ತಿಗೆ ತಲುಪುತ್ತಿದ್ದೆವು. ಅಣ್ಣನ ಬಲ ಮಣಿಕಟ್ಟಿನ ಮೇಲೆ ಎರಡು ರಕ್ತನಾಳಗಳನ್ನು ಸೇರಿಸಿ ಹೊಲಿದಿದ್ದರು, ಮಿಷನ್ನಿನ ಸೂಜಿ ಹೋಗುತ್ತಿದ್ದದ್ದು ಅಲ್ಲಿಗೆ. ಕಿವಿಗಿಟ್ಟುಕೊಂಡರೆ ಒಳಗೆ ಗುಂಯ್ ಎಂದು ರಕ್ತ ಓಡುವ ಸದ್ದು ಕೇಳುತ್ತಿತ್ತು. ಆ ಸದ್ದು ನಿಂತರೆ ಮಿಷನ್ನಿಗೆ ದಾರಿಯಿಲ್ಲ, ಆ ಕೈಯಲ್ಲಿ ಒಂದು ಚೊಂಬನ್ನೂ ಎತ್ತಕೂಡದು ಎಂದು ಡಾಕ್ಟರು ಹೇಳಿದ್ದರು. ಇನ್ನು ಸ್ಟೀರಿಂಗ್ ಹಿಡಿಯುವ ಮಾತೆಲ್ಲಿ? ಅವನೇ ಸಂತೆ ಮೈದಾನದಲ್ಲಿ ನನ್ನನ್ನು ಕೂರಿಸಿ, ಬೈದು, ತಲೆ ಚಚ್ಚಿಕೊಂಡು ಕಾರು ಓಡಿಸುವುದನ್ನು ಕಲಿಸಿದ.

ಸಂಜೆ ನಾನು ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದೆ. ಹುಡುಗರ ಹೊಟ್ಟೆಗೆ ಚಪಾತಿ ಲಟ್ಟಿಸಿ ಲಟ್ಟಿಸಿ ರಟ್ಟೆ ಬಿದ್ದುಹೋಗುತ್ತಿತ್ತು. ಪಾತ್ರೆ ತೊಳೆದು ಮನೆಗೆ ಬಂದು ಮಲಗಿದೆ ಎನ್ನುವಷ್ಟರಲ್ಲಿ ಏಳುವ ಹೊತ್ತು. ಆ ವರ್ಷಗಳಲ್ಲಿ ಸುಸ್ತು ಎನ್ನುವುದು ನನಗೆ ಉಟ್ಟ ಸೀರೆಯ ಹಾಗೆ ಆಗಿಬಿಟ್ಟಿತ್ತು. ಹಾಗೆಂದು ಯಾರಾದರೂ "ಸುಸ್ತಾಯ್ತೇನಮ್ಮ?" ಎಂದರೆ ಮೈ ಉರಿದುಹೋಗುತ್ತಿತ್ತು. ಸುಸ್ತಾಯಿತು ಎಂದು ಒಪ್ಪಿಕೊಂಡರೆ ಇವರೇನು ಬಂದು ಚಪಾತಿ ಲಟ್ಟಿಸುತ್ತಾರಾ, ಕಾರು ಓಡಿಸುತ್ತಾರಾ? ಕೇಳಿದವರಿಗೆ ಯಾಕಾದರೂ ಕೇಳಿದೆವೋ ಎನಿಸುವಂತೆ ಉತ್ತರ ಕೊಡುತ್ತಿದ್ದೆ.

ಇಂಥ ನನ್ನನ್ನು ಆ ಮುಳ್ಳು ದಾರಿಯಲ್ಲಿ ಕಾಲು ಹಿಡಿದು ಎಳೆಯುತ್ತಿತ್ತು. ಕಾರು ನಿಂತ ಕೂಡಲೇ ನಾನು ಬಾನೆಟ್ ಎತ್ತಲು ಹೋದರೆ ಅಣ್ಣ ತಡೆಯುತ್ತಿದ್ದ. "ಈಗ್ಲೇ ರೇಡಿಯೇಟ್ರು ಮುಚ್ಚಳ ಮುಟ್ಬೇಡ, ಬಿಸಿನೀರು ಮೂತಿಗೆ ಹಾರ್ತದೆ. ಆರಲಿ. ನಾನವ್ನಿ, ಈರಯ್ಯ ಅವ್ನೆ, ನೋಡ್ಕೋತೀವಿ. ನೀನು ಹಿಂದ್ಗಡೆ ಸೀಟಲ್ಲಿ ಐದು ನಿಮಿಷ ಒರಗ್ಕೊ, ಹೋಗು."

ಸುಮ್ಮನೆ ನಿಂತು ಮಾಡುವುದಾದರೂ ಏನು? ಗೊಣಗಿಕೊಂಡೇ ಹಿಂದಿನ ಸೀಟಿಗೆ ಹೋಗಿ ಕಾಲು ಮಡಚಿಕೊಳ್ಳುತ್ತಿದ್ದೆ. ಒದ್ದೆ ಬಟ್ಟೆ ಸುತ್ತಿ ಮರಳಿನ ಮೇಲೆ ಕೂರಿಸಿದ ಮಡಕೆಗಳು, ಅವುಗಳ ಮುಂದೆ ಹಿತ್ತಾಳೆ ಲೋಟ ತೊಳೆಯುತ್ತಿದ್ದ ಈರಯ್ಯ, ಇಷ್ಟು ಕಾಣಿಸುತ್ತಿತ್ತು. ಆಮೇಲೆ ಅಣ್ಣ ಕಾರಿನ ಮೇಲೆ ಎಡಗೈ ಬಡಿಯುತ್ತಿದ್ದ. "ಆರ್ತು ಕಣೇ, ಎದ್ದೇಳು." ಮುಳ್ಳು ನಡುವಿಗೆ ಇಳಿದಿರುತ್ತಿತ್ತು, ಬಿಸಿಲು ಬಂದಿರುತ್ತಿತ್ತು. ಐದು ನಿಮಿಷಕ್ಕೆ ಇಷ್ಟು ಬಿಸಿಲು ಹೇಗೆ ಬಂತು ಎಂದು ಯೋಚಿಸುವ ಚೈತನ್ಯವೂ ನನ್ನಲ್ಲಿ ಇರಲಿಲ್ಲ.

ಆಸ್ಪತ್ರೆಯಲ್ಲಿ ಸಿಸ್ಟರ್ ಬಾಗಿಲಲ್ಲೇ ನಿಂತಿರುತ್ತಿದ್ದರು. "ಹೊನ್ನಪ್ಪನವರೇ, ನಿಮ್ಮ ನಂತರದ ಪಾಳಿಯವರು ಆಗಲೇ ಬಂದು ಕೂತಿದ್ದಾರೆ. ನೀವು ತಡ ಮಾಡಿದಷ್ಟೂ ನಿಮ್ಮ ಟೈಮೇ ಕಟ್ ಆಗೋದು," ಎನ್ನುತ್ತಿದ್ದರು. ಅಣ್ಣ ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದ. ಹಾಗೆ ಅರೆಬರೆ ಆದ ದಿನ ಮನೆಗೆ ಬಂದ ಮೇಲೆ ಅವನಿಗೆ ಏದುಸಿರು. ಗೋಡೆಗೆ ದಿಂಬು ಒಟ್ಟಿಕೊಂಡು ಕೂತೇ ಇರುತ್ತಿದ್ದ, ಮಲಗಲು ಆಗುತ್ತಿರಲಿಲ್ಲ. ಕೊನೆಗೊಂದು ದಿನ ಸಿಸ್ಟರ್ ನನ್ನನ್ನು ಪಕ್ಕಕ್ಕೆ ಕರೆದರು. "ನೋಡಿಮ್ಮ, ಹೀಗೇ ಆದರೆ ದೊಡ್ಡ ಡಾಕ್ಟರು ಈ ಜಾಗವನ್ನ ಬೇರೆಯವರಿಗೆ ಕೊಟ್ಟುಬಿಡ್ತಾರೆ. ಕಾಯ್ತಾ ಇರೋರು ಬೇಕಾದಷ್ಟು ಜನ ಇದ್ದಾರೆ. ಆಮೇಲೆ ನನ್ನ ಕೇಳಬೇಡಿ."

ಆ ಜಾಗ ಹೋದರೆ ಅಣ್ಣ ಉಳಿಯುವುದಿಲ್ಲ, ಲೆಕ್ಕ ಅಷ್ಟು ಸರಳವಾಗಿತ್ತು. ಮನೆಗೆ ಬಂದವಳೇ ಕಾರನ್ನು ಇನ್ನಾಸಪ್ಪನ ಗ್ಯಾರೇಜಿಗೆ ತೆಗೆದುಕೊಂಡು ಹೋದೆ. ನಿಲ್ಲಲು ಆಗದಿದ್ದರೂ ಅಣ್ಣ ನಾನೂ ಬರುತ್ತೇನೆ ಎಂದು ಹಟ ಹಿಡಿದು ಬಂದ.

ಇನ್ನಾಸಪ್ಪ ಅಣ್ಣನ ಹಳೆಯ ಸ್ನೇಹಿತ. ಇಬ್ಬರೂ ಒಂದೇ ಲಾರಿಯಲ್ಲಿ ದುಡಿದವರು. ಅವನು ಇಂಜಿನ್ನನ್ನು ತಗಡಿನ ಸೂರಿನ ಕೆಳಗೆ ಬಹಳ ಹೊತ್ತು ಓಡಲು ಬಿಟ್ಟ. ರಬ್ಬರ್ ಪೈಪುಗಳನ್ನು ಅಂಗೈಯಲ್ಲಿ ಹಿಚುಕಿ ನೋಡಿದ, ಫ್ಯಾನಿನ ಬೆಲ್ಟು ಎಳೆದು ನೋಡಿದ. ಎಲ್ಲ ಆರಿದ ಮೇಲೆ ಮುಚ್ಚಳ ತೆಗೆದು ಇಣುಕಿದ.

"ಇಂಜನ್ ಕಾಯ್ತದೆ ಅನ್ನೋದೇ ಸುಳ್ಳು ಕಣಕ್ಕ. ನೀರು ಒಂದು ಹನಿ ಕಮ್ಮಿ ಆಗಿಲ್ಲ. ಮೀಟ್ರು ಕೆಟ್ಟದೆ, ಅಷ್ಟೇಯ. ಕಂಪ್ನಿ ಮಾಲು ಈಗೆಲ್ಲಿ ಸಿಗ್ತದೆ, ಈ ಗಾಡಿ ಮಾಡೋದೇ ನಿಂತೋಯ್ತು. ಹೊರಗಿನ ಮೀಟ್ರು ಒಂದದೆ ನನ್ನ ತಾವ, ಹಾಕ್ಬುಡ್ತೀನಿ."

ಟೈರಿನ ಮೇಲೆ ಕೂತಿದ್ದ ಅಣ್ಣ ಎದ್ದೇಬಿಟ್ಟ. "ಬ್ಯಾಡ ಕಣಯ್ಯ. ಕಂಪ್ನಿಯೋರು ಕೂರ್ಸಿರೋದು, ಅದರ ಪಾಡಿಗೆ ಅದಿರ್ಲಿ."

"ಸುಳ್ಳು ಹೇಳೋ ಮೀಟ್ರು ಮಡೀಕೊಂಡು ಏನ್ ಮಾಡ್ತೀಯಣ್ಣ?"

"ವಯಸ್ಸಾಗದೆ ಅದಕ್ಕೆ, ಪಾಪ. ಒಂದೊಂದ್ ಸಲ ಸುಳ್ಳು ಹೇಳ್ತದೆ. ನಾವು ಹೇಳಾಕಿಲ್ವಾ?"

"ನೀನು ಸುಮ್ನೆ ಕೂತ್ಕೊಳಣ್ಣ," ಎಂದು ನಾನು ರೇಗಿದೆ. "ಬಿಚ್ಚು ಇನ್ನಾಸಪ್ಪ."

ಇನ್ನಾಸಪ್ಪ ಮೀಟರನ್ನು ಮುಂದಕ್ಕೆ ಎಳೆದು ಹಿಂದೆ ಕೈ ಹಾಕಿದ. ಇಂಜಿನ್ನಿನಿಂದ ಬಂದ ವೈರಿಗೆ ಇನ್ನೊಂದು ವೈರು ತಿರುಚಿ ಕಟ್ಟಿದ್ದರು. ಅದನ್ನು ಹಿಡಿದು ಹೋದರೆ ಅದು ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಎಡಕ್ಕೆ ತಿರುಗಿ, ರಬ್ಬರ್ ಹಾಸಿನ ಕೆಳಗೆ ನುಸುಳಿ, ಅಣ್ಣ ಕೂರುವ ಜಾಗದಲ್ಲಿ ಹೊರಬರುತ್ತಿತ್ತು. ತುದಿಯ ಸಿಪ್ಪೆ ಸುಲಿದು ತಾಮ್ರ ಕಾಣುತ್ತಿತ್ತು. ಇನ್ನಾಸಪ್ಪ ಇಗ್ನಿಷನ್ ಹಾಕಿ ಆ ತುದಿಯನ್ನು ಬಾಗಿಲ ಬಳಿಯ ಕಬ್ಬಿಣಕ್ಕೆ ಮುಟ್ಟಿಸಿದ. ಮುಳ್ಳು ನಿಧಾನವಾಗಿ ಎದ್ದು ಕೆಂಪು ಗೀಟಿಗೆ ಹೋಗಿ ನಿಂತಿತು. ತೆಗೆದರೆ ಇಳಿಯಿತು. ಮತ್ತೆ ಮುಟ್ಟಿಸಿದ, ಮತ್ತೆ ಏರಿತು. ಅವನು ಏನೂ ಹೇಳಲಿಲ್ಲ. ಅಣ್ಣ ಆಕಾಶ ನೋಡುತ್ತಿದ್ದ.

ನನಗೆ ಎಲ್ಲವೂ ಒಮ್ಮೆಲೇ ಹೊಳೆಯಿತು. ಅರವಟ್ಟಿಗೆ! ನೀರು! ದಿನಕ್ಕೆ ಎರಡು ಲೋಟದ ಮೇಲೆ ಅಣ್ಣನಿಗೆ ನೀರು ಕೊಡಕೂಡದು, ಹೆಚ್ಚಾದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ ಎಂದಿದ್ದರು. ಮನೆಯಲ್ಲಿ ನಾನು ಹದ್ದಿನ ಕಣ್ಣಿಟ್ಟು ಕಾಯುತ್ತಿದ್ದೆ. ಬೇಸಿಗೆಯಲ್ಲಿ ಅವನ ನಾಲಿಗೆ ಒಣಗಿ ಮಾತು ತೊದಲಿದರೂ ಎದೆ ಕಲ್ಲು ಮಾಡಿಕೊಂಡು ಲೋಟ ಮುಚ್ಚಿಡುತ್ತಿದ್ದೆ. ಇವನು ನೋಡಿದರೆ ನನ್ನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಮಡಕೆಗೇ ಬಾಯಿ ಹಾಕುತ್ತಿದ್ದಾನೆ!

"ನೀರಿಗೋಸ್ಕರ ಇಷ್ಟೆಲ್ಲ ನಾಟಕವೇನಣ್ಣ?" ಗ್ಯಾರೇಜಿನಲ್ಲಿದ್ದವರೆಲ್ಲ ತಿರುಗಿ ನೋಡುವಂತೆ ಕೂಗಿದೆ. "ನಾನು ಕೋಳಿ ಕೂಗೋಕೆ ಮುಂಚೆ ಎದ್ದು ಸಾಯ್ತಿರೋದು ಯಾರಿಗೋಸ್ಕರ? ನಿನ್ನ ಜಾಗ ಕೈಬಿಟ್ಟು ಹೋಗ್ತಾ ಐತೆ, ಗೊತ್ತಾ ನಿಂಗೆ?"

ಅಣ್ಣ ಏನೋ ಹೇಳುವುದಕ್ಕೆ ಬಾಯಿ ತೆರೆದವನು ಇನ್ನೇನೋ ಹೇಳಿದ. "ಬಾಯಾರಿಕೆ ಕಣೇ," ಎಂದ. ಆಮೇಲೆ ಇನ್ನಾಸಪ್ಪನಿಗೆ, "ಹಾಕ್ಬುಡಯ್ಯ, ಹೊಸಾದ್ನೇ ಹಾಕ್ಬುಡು," ಎಂದು ಟೈರಿನ ಮೇಲೆ ಕೂತ.

ಹೊಸ ಮೀಟರು ದುಂಡಗಿತ್ತು, ಹಳೆಯ ಕಿಂಡಿಗೆ ಕೂರಲಿಲ್ಲ. ಇನ್ನಾಸಪ್ಪ ಒಂದು ತಗಡಿನ ಪಟ್ಟಿ ಬಗ್ಗಿಸಿ ಡ್ಯಾಶ್‌ಬೋರ್ಡಿನ ಕೆಳಗೆ ನೇತುಹಾಕಿದ. ಅದರ ಬೆನ್ನಿನಿಂದ ಹೊರಟ ಸಣ್ಣ ತಾಮ್ರದ ನಳಿಗೆ ನೇರವಾಗಿ ಇಂಜಿನ್ನಿನ ನೀರಿನೊಳಕ್ಕೇ ಹೋಗುತ್ತಿತ್ತು. "ಇದಕ್ಕೆ ವೈರೂ ಬ್ಯಾಡ, ಕರೆಂಟೂ ಬ್ಯಾಡ. ಯಾರೂ ಏನೂ ಮಾಡಂಗಿಲ್ಲ," ಎಂದ. ಖಾಲಿಯಾದ ಹಳೆಯ ಕಿಂಡಿಗೆ ಕಪ್ಪು ರೆಕ್ಸಿನ್ ಅಂಟಿಸಿದ. ಹಳೆಯ ಮೀಟರನ್ನು ಅಣ್ಣ ಟವಲಿನಲ್ಲಿ ಸುತ್ತಿಕೊಂಡು ಮನೆಗೆ ತಂದ.

ಆಮೇಲಿನ ಪ್ರಯಾಣಗಳಲ್ಲಿ ಕಾರು ಎಲ್ಲೂ ನಿಲ್ಲಲಿಲ್ಲ. ಮುಳ್ಳು ನಡುವಿಗೆ ಬಂದು ಗೂಟ ಹೊಡೆದಂತೆ ನಿಲ್ಲುತ್ತಿತ್ತು. ಪಾಳಿಗೆ ಮುಂಚೆಯೇ ತಲುಪುತ್ತಿದ್ದೆವು. ಅಣ್ಣನ ಏದುಸಿರು ಕಡಿಮೆಯಾಯಿತು, ರಾತ್ರಿ ಮಲಗಿ ನಿದ್ದೆ ಮಾಡತೊಡಗಿದ. ನಾನು ಗೆದ್ದೆ ಎಂದುಕೊಂಡೆ. ಆದರೆ ದಾರಿಯುದ್ದಕ್ಕೂ ಅವನ ಕಾಟ ಶುರುವಾಯಿತು. ಮಾತು ಕಡಿಮೆಯಿದ್ದ ಮನುಷ್ಯ ಒಂದೇ ಸಮನೆ ವಟಗುಟ್ಟತೊಡಗಿದ. ನಿನ್ನೆ ಹಾಸ್ಟೆಲಿನಲ್ಲಿ ಏನು ಸಾರು, ಬದನೆಕಾಯಿ ಹಾಕಿದ್ದೆಯಾ, ಹುಡುಗರು ಏನೆಂದರು? ಮೈ ಕೊರೆಯುವ ಚಳಿಯಲ್ಲಿ ಕಿಟಕಿಯ ಗಾಜು ಇಳಿಸುತ್ತಿದ್ದ. "ಒಂದು ಹಾಡು ಹೇಳೇ," ಎನ್ನುತ್ತಿದ್ದ. ಅರವಟ್ಟಿಗೆ ಹತ್ತಿರ ಬಂದಾಗ, "ಒಂದ್ ಗಳಿಗೆ ನಿಲ್ಸು, ಒಂದಕ್ಕೆ ಹೋಗ್ಬೇಕು," ಎನ್ನುತ್ತಿದ್ದ. ಅವನಿಗೆ ಮೂತ್ರ ಬರುವುದು ನಿಂತು ಯಾವ ಕಾಲವಾಗಿತ್ತೋ.

"ನಂಗೊತ್ತು ನಿಂಗೇನು ಬೇಕು ಅಂತ. ಬಾಯಿ ಮುಚ್ಕೊಂಡು ಕೂತ್ಕೊಳಣ್ಣ," ಎಂದು ಗೇರು ಬದಲಿಸುತ್ತಿದ್ದೆ.

ಮಿಷನ್ನಿಗೆ ಹಾಕುವ ಮೊದಲು ಪ್ರತಿ ಸಲವೂ ತೂಕ ನೋಡುತ್ತಾರೆ. ಕುಡಿದ ನೀರು ಹೊರಗೆ ಹೋಗಲು ದಾರಿಯಿಲ್ಲದ್ದರಿಂದ ಅದೆಲ್ಲ ತೂಕದಲ್ಲಿ ಸಿಕ್ಕಿಬೀಳುತ್ತದೆ. ನಾನು ಸಿಸ್ಟರ್ ಕಿವಿಯಲ್ಲಿ, "ಈಗ ತೂಕ ಇಳಿದಿರಬೇಕಲ್ವಾ? ಮೊದಲು ದಾರೀಲಿ ಕದ್ದು ನೀರು ಕುಡೀತಿದ್ದ," ಎಂದೆ. ಅವರು ನಕ್ಕುಬಿಟ್ಟರು.

"ಯಾರು, ಹೊನ್ನಪ್ಪನವರಾ? ಮೊದಲೂ ಇದೇ ತೂಕ, ಈಗಲೂ ಇದೇ ತೂಕ. ಕುಡಿದು ಬರೋರು ಮುಖ ಊದಿಸಿಕೊಂಡು ಬರ್ತಾರಮ್ಮ. ಈ ವಾರ್ಡಲ್ಲಿ ನಾನು ಹೇಳಿದ್ದು ಕೇಳೋರು ಇವರೊಬ್ಬರೇ."

ಸಿಸ್ಟರಿಗೇನು ಗೊತ್ತು ಎಂದುಕೊಂಡೆ. ಆದರೂ ಆ ಮಾತು ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು.

ಆಮೇಲೆ ಹಾಸ್ಟೆಲಿನಲ್ಲಿ ಹಬ್ಬದೂಟ ಬಂತು. ಹೋಳಿಗೆ ತಟ್ಟಿ ಬೇಯಿಸಿ, ನಾನು ಮನೆಗೆ ಬಂದದ್ದು ಯಾವಾಗ ಎಂದು ನನಗೇ ನೆನಪಿಲ್ಲ. ಬೆಳಗಿನ ದಾರಿಯಲ್ಲಿ ಅಣ್ಣ ಏನೋ ಹೇಳುತ್ತಿದ್ದ, ನಾನು ಹೂಂಗುಟ್ಟುತ್ತಿದ್ದೆ. ಹುಣಸೆ ತೋಪು ಬಂದದ್ದು ಗೊತ್ತು. ಮುಗಿದದ್ದು ಗೊತ್ತಿಲ್ಲ.

"ಕೂಸೇ!"

ಕಣ್ಣು ಬಿಟ್ಟಾಗ ಎದುರಿಗೆ ಲಾರಿಯ ದೀಪ. ನನ್ನ ಕೈಗಳ ನಡುವೆ ಅಣ್ಣನ ಬಲಗೈ ಸ್ಟೀರಿಂಗನ್ನು ಬಲವಾಗಿ ಎಡಕ್ಕೆ ಎಳೆಯುತ್ತಿತ್ತು. ಲಾರಿ ಹಾರನ್ ಬಾರಿಸುತ್ತಾ ಪಕ್ಕದಲ್ಲೇ ಹಾದುಹೋಯಿತು. ಕಾರು ರಸ್ತೆಯಿಂದ ಇಳಿದು ಕತ್ತಾಳೆ ಸಾಲಿಗೆ ಮೂತಿ ತೂರಿಸಿ ನಿಂತಿತು. ಹೊಸ ಮೀಟರಿನ ಮುಳ್ಳು ಮಾತ್ರ ನಡುವಿನಲ್ಲಿ ಹದವಾಗಿ ನಿಂತಿತ್ತು.

"ಕೈ!" ಎಂದೆ. "ಅಣ್ಣ, ಕೈ!"

ಅಣ್ಣ ಬಲ ಮಣಿಕಟ್ಟನ್ನು ಕಿವಿಗೊತ್ತಿಕೊಂಡ. ಕಣ್ಣು ಮುಚ್ಚಿಕೊಂಡು ಕೇಳಿದ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಅಷ್ಟು ದೇವರುಗಳನ್ನು ನಾನು ಯಾವತ್ತೂ ಒಟ್ಟಿಗೆ ನೆನೆದಿರಲಿಲ್ಲ. "ಓಡ್ತಾ ಐತೆ ಬುಡು," ಎಂದ ಕೊನೆಗೆ.

ಅರವಟ್ಟಿಗೆ ಅಲ್ಲೇ ಮುಂದಿತ್ತು. ಈರಯ್ಯ ಓಡಿ ಬಂದ. ಇಬ್ಬರನ್ನೂ ಕೈಹಿಡಿದು ಕರೆದುಕೊಂಡು ಹೋಗಿ ಹೊಂಗೆ ಮರದ ಕೆಳಗೆ ಕೂರಿಸಿದ. ನನಗೆ ಹಿತ್ತಾಳೆ ಲೋಟದಲ್ಲಿ ನೀರು ಕೊಟ್ಟ. ಅಣ್ಣನಿಗೆ ಲೋಟ ಕೊಡಲಿಲ್ಲ. ಒಂದು ಬಿಳಿ ಬಟ್ಟೆಯ ತುಂಡನ್ನು ಮಡಕೆಯ ನೀರಿನಲ್ಲಿ ಅದ್ದಿ, ಹಿಂಡಿ ಕೊಟ್ಟ. ಅಣ್ಣ ಅದನ್ನು ತುಟಿಗೆ ಒತ್ತಿಕೊಂಡ. ದಿನವೂ ಮಾಡಿದ ಕೆಲಸದ ಹಾಗೆ ಅಷ್ಟು ಸಲೀಸಾಗಿತ್ತು ಅದು.

"ಅವನಿಗೆ ನೀರು?" ಎಂದೆ.

"ಅವ್ರು ಕುಡಿಯಾಕಿಲ್ಲ ಕಣವ್ವ. ಒಂದಿನಾನೂ ಕುಡ್ದಿಲ್ಲ. ನಾನೇ ಕೊಡಕ್ ಹೋದ್ರೂ ಬಟ್ಟೆ ಒದ್ದೆ ಮಾಡ್ಕೊಡು ಸಾಕು ಅಂತಿದ್ರು. ನೀವು ಮನಗಿರೋಗಂಟ ಆ ಬಾಗ್ಲು ತಾವೇ ಕೂತು ನಿಮ್ಮ ಮಕದ ಮ್ಯಾಲೆ ನೊಣ ಕೂರದಂಗೆ ಬೀಸ್ತಾ ಇರೋರು. ನಾನು ಜೋರಾಗಿ ಕೆಮ್ಮಿದ್ರೂ ಗದರೋರು," ಎಂದ ಈರಯ್ಯ. "ಈಚೀಚೆಗೆ ಯಾಕೆ ನಿಲ್ಸಲ್ಲ ನೀವು?"

ನಾನು ಅಣ್ಣನ ಕಡೆ ತಿರುಗಿದೆ. "ನೀರಿಗಲ್ವಾ?"

"ಬಾಯಾರಿಕೆ ಅಂದದ್ದು ಸುಳ್ಳಲ್ಲ. ಅದೂ ಇತ್ತು," ಎಂದ ಅಣ್ಣ. ಬಟ್ಟೆಯನ್ನು ಮಡಚುತ್ತಾ ಕೂತ. "ನಿಂಗೆ ನಿದ್ದೆ ತಡಿಯಾಕೆ ಆಗ್ತಿರಲಿಲ್ಲ ಕಣೇ. ತೋಪು ದಾಟೋ ಹೊತ್ಗೆ ನಿನ್ನ ತಲೆ ವಾಲೋದು. ಲಾರಿ ಲೈನಲ್ಲಿ ಡ್ರೈವರಿಗೆ ‘ನಿದ್ದೆ ಬತ್ತಾ ಐತಾ?’ ಅಂತ ಯಾರೂ ಕೇಳಂಗಿಲ್ಲ. ಕೇಳಿದ್ರೆ ಅವ್ನಿಗೆ ಅವಮಾನ, ನಿದ್ದೆ ಬಂದಿದ್ರೂ ಇಲ್ಲ ಅಂತ ಇನ್ನೂ ಜೋರಾಗಿ ತುಳೀತಾನೆ. ಏನಿದ್ರೂ ಗಾಡಿ ಮೇಲೆ ಹಾಕಿ ಹೇಳ್ಬೇಕು. ಟೈರು ಬಿಸಿಯಾಗದೆ, ನೀರು ನೋಡ್ಬೇಕು, ಅಂತ. ಇನ್ನಾಸಪ್ಪ ನಂಗೆ ಹಂಗೇ ಹೇಳ್ತಿದ್ದ. ಅದಕ್ಕೇ ಆವತ್ತು ವೈರು ನೋಡಿ ಬಾಯಿ ಬಿಡ್ಲಿಲ್ಲ ಅವ್ನು."

"ನಾನೇನು ಲಾರಿ ಡ್ರೈವರಾ? ಬಾಯಿ ಬಿಟ್ಟು ಹೇಳಿದ್ರೆ ಆಗ್ತಿರಲಿಲ್ವಾ?"

"ಹೇಳಿದ್ದೆ. ಸುರುವಿನಾಗೆ ಒಂದ್ ಸಲ ಸುಸ್ತಾಗದೇನೇ ಅಂದೆ. ಸೌಟು ಎಸ್ದೆ ನೀನು."

ಎಸೆದದ್ದು ನಿಜ. ಈರಯ್ಯ ಮುಖ ತಿರುಗಿಸಿ ಮಡಕೆ ಸರಿಮಾಡಿದ.

"ನಿನ್ನ ಮಿಷನ್ನಿನ ಟೈಮು ಕಟ್ ಆಗ್ತಿತ್ತಲ್ಲಣ್ಣ. ರಾತ್ರಿಯೆಲ್ಲ ಕೂತಿರ್ತಿದ್ದೆಯಲ್ಲ."

"ಆದ್ರೆ ಆಯ್ತು. ನನ್ನ ರಕ್ತ ಒಸಿ ಕೊಳಕಾಗಿದ್ರೂ ಎಂಗೋ ನಡೀತದೆ. ನೀನು ಮನೇಗೆ ಸರಿಯಾಗಿ ಬಂದ್ರೆ ಸಾಕು ನಂಗೆ."

ನಾನು ಅತ್ತೆ. ಗಂಡ ಸತ್ತಾಗಲೂ ಜನರೆದುರು ಅಳದವಳು, ರಸ್ತೆ ಬದಿಯಲ್ಲಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಗಟ್ಟಿಯಾಗಿ ಅತ್ತುಬಿಟ್ಟೆ. ನನಗೆ ಸುಸ್ತಾಗಿದೆ ಅಣ್ಣ, ಬಹಳ ಸುಸ್ತಾಗಿದೆ ಎಂದೆ. ಎಷ್ಟೋ ವರ್ಷಗಳ ಮೇಲೆ ಆ ಮಾತು ನನ್ನ ಬಾಯಿಂದ ಬಂದಿತ್ತು. ಅಣ್ಣ ಬಟ್ಟೆಯನ್ನು ಮತ್ತೆ ಒದ್ದೆ ಮಾಡಿಸಿ ನನ್ನ ಕೈಗೆ ಕೊಟ್ಟ.

ಆ ದಿನ ತಡವಾಗಿ ತಲುಪಿ ಸಿಸ್ಟರ್ ಬೈಯಲು ಶುರುಮಾಡಿದಾಗ ನಾನು ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಅವರು ಅಣ್ಣನ ಮಣಿಕಟ್ಟನ್ನು ಮುಟ್ಟಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಅಲ್ಲೇ ಊರಿನಲ್ಲಿದ್ದ ಇನ್ನೊಬ್ಬರನ್ನು ಕೇಳಿಕೊಂಡು ನಮ್ಮ ಹೊತ್ತಿಗೆ ಹಾಕಿ, ನಮಗೆ ಅವರ ಜಾಗ ಕೊಡಿಸಿದರು. ಅದು ಬೇರೆ ಮಿಷನ್ನು, ನಮ್ಮದಕ್ಕಿಂತ ಒಂದು ಗಂಟೆ ತಡವಾಗಿ ಶುರುವಾಗುತ್ತಿತ್ತು. "ಈಗ ಯಾರ ಟೈಮೂ ಕಟ್ ಆಗಲ್ಲ," ಎಂದರು.

ಮುಂದಿನ ಸಲವೂ ನಾನು ಹಳೆಯ ಹೊತ್ತಿಗೇ ಕಾರು ತೆಗೆದೆ. ಹುಣಸೆ ತೋಪು ದಾಟಿತು. ಹೊಂಗೆ ಮರ ಕಂಡಿತು. ಅಣ್ಣ ಮುಂದಕ್ಕೆ ಬಗ್ಗಿ ಹೊಸ ಮೀಟರನ್ನು ನೋಡಿದ. ಮುಳ್ಳು ನಡುವಿನಲ್ಲಿ ಒಂದು ಕೂದಲೆಳೆಯಷ್ಟೂ ಅಲುಗದೆ ನಿಂತಿತ್ತು.

"ಕೂಸೇ," ಎಂದ, "ಮುಳ್ಳು ಏರ್ತಾ ಐತೆ."

ನಾನೂ ನೋಡಿದೆ. "ಹೂಂ ಕಣಣ್ಣ, ಏರ್ತಾ ಐತೆ," ಎಂದು ಕಾರನ್ನು ಮರದ ಕೆಳಕ್ಕೆ ತಂದು ನಿಲ್ಲಿಸಿದೆ.

"ಬಾನೆಟ್ ಎತ್ತಿಡಯ್ಯ ಈರಯ್ಯ," ಎಂದು ಅಣ್ಣ ಕೂಗಿ ಹೇಳಿದ. "ಇಲ್ದಿದ್ರೆ ದಾರೀಲಿ ಹೋಗೋರು ಯಾಕೆ ನಿಂತ್ರಿ ಅಂತ ಕೇಳ್ತಾರೆ." ಈರಯ್ಯ ಬಾನೆಟ್ ಎತ್ತಿದ. ಏನೂ ಆಗದ ಇಂಜಿನ್ನಿನ ಮುಂದೆ ಒಂದು ಕೊಡ ನೀರನ್ನೂ ತಂದಿಟ್ಟ. ನಾನು ಹಿಂದಿನ ಸೀಟಿನಲ್ಲಿ ಕಾಲು ಮಡಚಿಕೊಂಡು ಸೆರಗು ಹೊದ್ದೆ. ತೆರೆದ ಬಾಗಿಲ ಬಳಿ ಅಣ್ಣ ಕೂತಿದ್ದ. ಒಂದು ಕೈಯಲ್ಲಿ ಒದ್ದೆ ಬಟ್ಟೆಯನ್ನು ತುಟಿಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಟವಲು ಹಿಡಿದು ನನ್ನ ಮುಖದ ಮೇಲೆ ಮೆಲ್ಲಗೆ ಬೀಸುತ್ತಿದ್ದ.